ಗಡಿ ಗೇಟಿನ ಲಾರಿ ಸಾಲು: ಟ್ಯಾಗ್, ಕ್ಯಾಮೆರಾ, ಆ್ಯಪ್‌ಗಳಿಂದ ಎಷ್ಟು ಕರಗೀತು?

ಪ್ರಶ್ನೆ: ನಮ್ಮ ಲಾರಿಗಳು ಹಂಗಾಮಿನಲ್ಲಿ ಕೋಲಾರದಿಂದ ಟೊಮೆಟೊ ಹೇರಿಕೊಂಡು ಬಾಂಗ್ಲಾದೇಶಕ್ಕೆ ದಾಟುವ ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿಗೆ ಹೋಗುತ್ತವೆ. ಫಾಸ್ಟ್ಯಾಗ್ ಬಂದ ಮೇಲೆ ಟೋಲ್‌ಗಳಲ್ಲಿ ಕಾಯುವುದು ಬಹುಮಟ್ಟಿಗೆ ತಪ್ಪಿದೆ. ಗಡಿಯಲ್ಲಿ ಮಾತ್ರ ಸ್ಲಾಟ್ ಬುಕ್ ಮಾಡಿದರೂ ಯಾವ ಹೊತ್ತಿಗೆ ದಾಟುತ್ತೇವೆ ಎಂದು ಹೇಳಲಾಗುತ್ತಿಲ್ಲ. ಅಮೆರಿಕ, ಯುರೋಪಿನ ಗಡಿಗಳಲ್ಲಿ ಟ್ಯಾಗ್, ಕ್ಯಾಮೆರಾ, ಆ್ಯಪ್ ಬಳಸಿ ಸಾಲು ಇಳಿಸಿದ್ದಾರಂತೆ. ಅದನ್ನೇ ಇಲ್ಲಿಗೆ ತಂದರೆ ಆಗುತ್ತದೆಯೇ? ತಂದರೆ ಯಾವುದನ್ನು ಮೊದಲು ಹಾಕಬೇಕು?

ಉತ್ತರ: ಆಗುತ್ತದೆ, ಆದರೆ ಟೋಲ್‌ನಲ್ಲಿ ಆದ ಹಾಗೆ ಆಗುವುದಿಲ್ಲ. ಟೋಲ್ ಗೇಟಿನಲ್ಲಿ ಇದ್ದದ್ದು ಒಂದೇ ಕೆಲಸ, ಹಣ ತೆಗೆದುಕೊಳ್ಳುವುದು. ಅದನ್ನು ಟ್ಯಾಗ್ ಮಾಡಿಬಿಟ್ಟರೆ ಗೇಟಿಗೆ ಬೇರೆ ಕೆಲಸವಿಲ್ಲ. ಗಡಿಯಲ್ಲಿ ಚಾಲಕ ಯಾರು, ಲಾರಿ ಯಾವುದು, ಒಳಗಿರುವುದೇನು, ಕಾಗದ ಸರಿಯಿದೆಯೇ, ಆ ಕಡೆಯವರು ಒಳಗೆ ಬಿಟ್ಟುಕೊಳ್ಳಲು ತಯಾರಿದ್ದಾರೆಯೇ ಎಂಬ ಐದಾರು ಪ್ರಶ್ನೆಗಳಿಗೆ ಬೇರೆಬೇರೆ ಇಲಾಖೆಗಳು ಉತ್ತರ ಹೇಳಬೇಕು. ಟ್ಯಾಗ್ ಓದಲು ಒಂದು ಸೆಕೆಂಡೂ ಬೇಡ. ಲಾರಿ ಕಾಯಬೇಕಾಗುವುದು ಉಳಿದ ಕೆಲಸಗಳಿಂದ. ಆದ್ದರಿಂದ ಯಾವ ಉಪಕರಣ ತರಬೇಕು ಎಂದು ಕೇಳುವ ಮೊದಲು, ಲಾರಿ ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತಿದೆ ಎಂದು ಅಳೆಯಬೇಕು.

ಸಾಲಿನ ಲೆಕ್ಕ ನೋಡಿ. 10 ಕೌಂಟರ್‌ಗಳಿವೆ, ಒಂದೊಂದು ವಾಹನಕ್ಕೆ 60 ಸೆಕೆಂಡ್ ಬೇಕು ಎಂದಿಟ್ಟುಕೊಂಡರೆ ಗಂಟೆಗೆ 600 ವಾಹನ ದಾಟುತ್ತವೆ. ಗಂಟೆಗೆ 700ರಂತೆ ಮೂರು ಗಂಟೆ ಬಂದರೆ 300 ವಾಹನ ಸಾಲಿನಲ್ಲಿ ಉಳಿಯುತ್ತವೆ, ಕೊನೆಯವನು ಅರ್ಧ ಗಂಟೆ ಕಾಯುತ್ತಾನೆ. ಅದೇ ಕೌಂಟರಿನ ಕೆಲಸ 50 ಸೆಕೆಂಡಿಗೆ ಇಳಿದರೆ ಗಂಟೆಗೆ 720 ದಾಟುತ್ತವೆ, ಸಾಲು ಬೆಳೆಯುವುದೇ ಇಲ್ಲ. ಹತ್ತು ಸೆಕೆಂಡಿನಲ್ಲಿ ಅಷ್ಟು ವ್ಯತ್ಯಾಸ. ಇದರ ಇನ್ನೊಂದು ಮುಖವೂ ಇದೆ: ಗೇಟು ಹಿಡಿಸುವುದಕ್ಕಿಂತ ತುಸು ಹೆಚ್ಚು ವಾಹನ ಬಂದರೂ ಸಾಲು ನಿಮಿಷ ನಿಮಿಷಕ್ಕೆ ಬೆಳೆಯುತ್ತದೆ. ಗಡಿ ತಂತ್ರಜ್ಞಾನ ಎನ್ನುವುದೆಲ್ಲ ಕೊನೆಗೆ ಎರಡೇ ಬಗೆ. ಕೌಂಟರಿನ ಮುಂದಿನ ಸೆಕೆಂಡುಗಳನ್ನು ಕಡಿಮೆ ಮಾಡುವುದು ಒಂದು, ವಾಹನ ಬರುವ ಹೊತ್ತನ್ನು ಹರಡುವುದು ಇನ್ನೊಂದು. ಈ ಎರಡರಲ್ಲಿ ಒಂದನ್ನೂ ಮಾಡದ ಉಪಕರಣ ಕಂಟ್ರೋಲ್ ರೂಮಿನ ದೊಡ್ಡ ಪರದೆಗೆ ಅಲಂಕಾರವಷ್ಟೇ. ಅಂಥ ಪರದೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಸೆಕೆಂಡು ಉಳಿಸುವುದರಲ್ಲಿ ಅಮೆರಿಕ–ಮೆಕ್ಸಿಕೊ ಗಡಿಯಲ್ಲಿ ಚಿಪ್ ಇರುವ ಕಾರ್ಡ್ ಹಿಡಿದವರಿಗೇ ಮೀಸಲಾದ ರೆಡಿ ಲೇನ್ ಒಳ್ಳೆಯ ಮಾದರಿ. 2009ರ ಜೂನ್ 1ರಿಂದ ಅಮೆರಿಕದ ಭೂಗಡಿಗಳಲ್ಲಿ ನಿಗದಿತ ದಾಖಲೆಗಳಿಲ್ಲದೆ ಒಳಗೆ ಬಿಡುವುದು ನಿಂತಿತು. ಆ ದಾಖಲೆಗಳಲ್ಲಿ ಪಾಸ್‌ಪೋರ್ಟ್ ಕಾರ್ಡ್, ನೋಂದಾಯಿತ ಪ್ರಯಾಣಿಕರ ಸೆಂಟ್ರಿ ಕಾರ್ಡ್ ಮುಂತಾದವಕ್ಕೆ ದೂರದಿಂದ ಓದಬಹುದಾದ ಆರ್‌ಎಫ್‌ಐಡಿ ಚಿಪ್ ಇರುತ್ತದೆ. ಕಾರು ಕೌಂಟರ್ ಮುಟ್ಟುವ ಮುಂಚೆಯೇ, ಲೇನಿನ ಪಕ್ಕದ ರೀಡರ್‌ಗೆ ಕಾಣುವಂತೆ ಒಳಗಿದ್ದವರೆಲ್ಲ ಕಾರ್ಡ್ ಹಿಡಿಯಬೇಕು. ಚಿಪ್ಪಿನಲ್ಲಿ ಹೆಸರು, ಫೋಟೊ ಏನೂ ಇಲ್ಲ, ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯಿಂದ ಕಸ್ಟಮ್ಸ್‌ನವರ ದತ್ತಾಂಶದಲ್ಲಿ ಹುಡುಕಾಟ ನಡೆದು, ಕಾರು ಕಿಟಕಿಗೆ ಬರುವಷ್ಟರಲ್ಲಿ ಅಧಿಕಾರಿಯ ಪರದೆಯ ಮೇಲೆ ಎಲ್ಲರ ವಿವರ ಇರುತ್ತದೆ. ಅಧಿಕಾರಿಗೆ ಟೈಪ್ ಮಾಡುವುದಾಗಲಿ ಒಂದೊಂದೇ ಸ್ಕ್ಯಾನ್ ಮಾಡುವುದಾಗಲಿ ಇಲ್ಲ, ಮುಖ ನೋಡಿ ಪ್ರಶ್ನೆ ಕೇಳುವುದಷ್ಟೇ. ಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿ ಹಿಡಿದರೆ, ಚಿಪ್ ಇರುವ ಜಾಗವನ್ನು ಅಂಗೈಯಿಂದ ಮುಚ್ಚಿದರೆ, ರಕ್ಷಣೆಯ ಕವರ್‌ನಿಂದ ತೆಗೆಯದಿದ್ದರೆ ರೀಡರ್‌ಗೆ ಸಿಗುವುದಿಲ್ಲ. ಆಗ ಅಧಿಕಾರಿ ಹಳೆಯ ಕ್ರಮಕ್ಕೆ ಮರಳುತ್ತಾನೆ, ಉಳಿಸಿದ ಸೆಕೆಂಡು ಅಲ್ಲೇ ಹೋಯಿತು.

ಮೀಸಲು ಲೇನ್‌ಗಳು ಕೆಡುವುದು ಬಹುತೇಕ ಜಾಗದ ಕಾರಣಕ್ಕೆ. ಕಾರ್ಡ್ ಇರುವವರ ಲೇನ್ ಕೌಂಟರಿನಿಂದ 200 ಮೀಟರ್ ಹಿಂದೆ ಶುರುವಾಗಿ, ಸಾಲು ಒಂದು ಕಿಲೋಮೀಟರ್ ಇದ್ದರೆ, ಕಾರ್ಡ್ ಇದ್ದವನೂ 800 ಮೀಟರ್ ಎಲ್ಲರ ಜೊತೆಗೇ ತೆವಳಬೇಕು. ಮೀಸಲು ಲೇನು ಸಾಮಾನ್ಯ ಸಾಲಿನ ಬಾಲಕ್ಕಿಂತ ಹಿಂದಿನಿಂದಲೇ ಬೇರೆಯಾಗಬೇಕು. ನೋಂದಣಿ ಮಾಡಿಸಿದವರು ಕಡಿಮೆಯಿದ್ದರೆ ಇನ್ನೊಂದು ಫಜೀತಿ: ಆ ಲೇನು ಖಾಲಿ ಹೊಡೆಯುತ್ತದೆ, ಪಕ್ಕದ ಜನ ಹಾರ್ನ್ ಹೊಡೆಯುತ್ತಾರೆ. ಟಿಹುವಾನಾ–ಸ್ಯಾನ್ ಡಿಯಾಗೊ ನಡುವಿನ ಸ್ಯಾನ್ ಇಸಿಡ್ರೊದಲ್ಲಿ 2019ಕ್ಕೆ ಮುಗಿದ ವಿಸ್ತರಣೆಯ ನಂತರ ಉತ್ತರಕ್ಕೆ ಹೋಗುವ 34 ಲೇನ್‌ಗಳಿಗೆ 62 ಕೌಂಟರ್‌ಗಳಿವೆ. ಬಹುತೇಕ ಲೇನ್‌ಗಳಲ್ಲಿ ಒಂದರ ಹಿಂದೊಂದು ಎರಡು ಕೌಂಟರ್. ಹಾಗೆಂದು ದುಪ್ಪಟ್ಟು ವಾಹನ ದಾಟುವುದಿಲ್ಲ. ಮುಂದಿನ ಕಾರಿಗೆ ಮೂರು ನಿಮಿಷ ಹಿಡಿದರೆ, ಒಂದೇ ನಿಮಿಷದಲ್ಲಿ ಮುಗಿಸಿದ ಹಿಂದಿನ ಕಾರೂ ಅಲ್ಲೇ ನಿಲ್ಲಬೇಕು.

ಇನ್ನು ಅಳತೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಯೋಜನೆಗಳು ಎಡವುವುದು ಇಲ್ಲೇ.

ಕಾಯುವ ಸಮಯ ಅಳೆಯಲು ಎರಡು ಕಡೆ ಒಂದೇ ವಾಹನವನ್ನು ಗುರುತು ಹಿಡಿಯಬೇಕು. ಕಾರುಗಳಿಗೆ, ಒಳಗಿನ ಫೋನು ಮುಂತಾದವುಗಳ ಸಂಕೇತ ಹಿಡಿಯುವ ಬ್ಲೂಟೂತ್ ರೀಡರ್ ಸಾಕಾಗುತ್ತದೆ. ನೂರರಲ್ಲಿ ಐದೇ ಕಾರು ಎರಡೂ ಕಡೆ ಸಿಕ್ಕರೂ ಗಂಟೆಗೆ 600 ಕಾರಿನಲ್ಲಿ 30 ಮಾದರಿ ಸಿಗುತ್ತವೆ. ಲಾರಿಗೆ ಈ ಲೆಕ್ಕ ನಡೆಯದು. ಗಂಟೆಗೆ 20 ಲಾರಿ ದಾಟುವ ಗೇಟಿನಲ್ಲಿ ಐದು ಪ್ರತಿಶತ ಎಂದರೆ ಒಂದೇ ಲಾರಿ. ಅವನು ಚಹಾ ಕುಡಿಯಲು ನಿಂತಿದ್ದರೆ ನಿಮ್ಮ ಅಳತೆಯೂ ಚಹಾ ಅಂಗಡಿಯಲ್ಲೇ ನಿಂತಿತು. ಬ್ಲೂಟೂತ್ ಅಲೆ ನೂರು ಮೀಟರ್‌ವರೆಗೂ ಹಬ್ಬುವುದರಿಂದ ಯಾವ ಲೇನಿನವನು ಎಂಬುದೂ ತಿಳಿಯುವುದಿಲ್ಲ. ಈ ಕಾರಣಕ್ಕೇ ಟೆಕ್ಸಾಸ್ ಎ ಆ್ಯಂಡ್ ಎಂ ಸಾರಿಗೆ ಸಂಸ್ಥೆಯವರು ಮೆಕ್ಸಿಕೊ ಗಡಿಯ ಎಲ್ ಪಾಸೊದ ಬ್ರಿಜ್ ಆಫ್ ದಿ ಅಮೆರಿಕಾಸ್‌ನಲ್ಲಿ ಶುರುಮಾಡಿ ಲರೆಡೊ, ಫಾರ್ ಮೊದಲಾದ ಸೇತುವೆಗಳಿಗೆ ಹಾಕಿದ ವ್ಯವಸ್ಥೆ ಆರ್‌ಎಫ್‌ಐಡಿಯದ್ದು. ಗಡಿ ದಾಟುವ ಲಾರಿಗಳ ಗಾಜಿನ ಮೇಲೆ ಹೇಗೂ ಟ್ಯಾಗ್ ಇದ್ದೇ ಇತ್ತು. ನಮ್ಮಲ್ಲಿ ಫಾಸ್ಟ್ಯಾಗ್ ಇದೆ, 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಅದೇ ಜಾತಿಯ ಟ್ಯಾಗ್. ಖಾತೆಯಲ್ಲಿ ಹಣವಿಲ್ಲದಿದ್ದರೂ ಅದರ ಸಂಖ್ಯೆ ರೀಡರ್‌ಗೆ ಸಿಗುತ್ತದೆ, ಅಳತೆಗೆ ಅಷ್ಟೇ ಬೇಕು.

ರೀಡರ್ ಎಲ್ಲಿಡಬೇಕು ಎಂಬುದು ಎಷ್ಟು ರೀಡರ್ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಮೊದಲನೆಯದು ಅತಿ ಉದ್ದದ ಸಾಲಿನ ಬಾಲಕ್ಕಿಂತಲೂ ಹಿಂದಿರಬೇಕು. ಸಾಲು ಅದನ್ನು ದಾಟಿ ಬೆಳೆದ ದಿನ, ಅಂದರೆ ಮಾಹಿತಿ ಅತಿ ಹೆಚ್ಚು ಬೇಕಾದ ದಿನವೇ, ವ್ಯವಸ್ಥೆ ಕಡಿಮೆ ಸಮಯ ತೋರಿಸುತ್ತದೆ. ಮಧ್ಯದಲ್ಲಿ ಪ್ರತಿ ಇಲಾಖೆಯ ಕೆಲಸ ಮುಗಿಯುವ ಜಾಗದಲ್ಲೂ ಒಂದೊಂದು ಬೇಕು. ಟೆಕ್ಸಾಸ್‌ನಲ್ಲಿ ಉತ್ತರಕ್ಕೆ ಹೋಗುವ ಲಾರಿ ಮೆಕ್ಸಿಕೊದ ಕಸ್ಟಮ್ಸ್, ಸೇತುವೆ, ಅಮೆರಿಕದ ಕಸ್ಟಮ್ಸ್, ಕೊನೆಗೆ ಟೆಕ್ಸಾಸ್ ರಾಜ್ಯದ ವಾಹನ ಸುರಕ್ಷತಾ ತಪಾಸಣೆ ಹೀಗೆ ನಾಲ್ಕು ಹಂತ ದಾಟುತ್ತದೆ. 2022ರ ಏಪ್ರಿಲ್‌ನಲ್ಲಿ ಗವರ್ನರ್ ಗ್ರೆಗ್ ಅಬಾಟ್ ಆದೇಶದಂತೆ ರಾಜ್ಯ ಪೊಲೀಸರು ಕಸ್ಟಮ್ಸ್ ಮುಗಿಸಿ ಬಂದ ಲಾರಿಗಳನ್ನೆಲ್ಲ ನಿಲ್ಲಿಸಿ ತಪಾಸಣೆ ಶುರುಮಾಡಿದರು. ತರಕಾರಿ ಹಣ್ಣುಗಳಿಗೇ ಹೆಸರಾದ ಫಾರ್ ಸೇತುವೆ ಸ್ಥಗಿತಗೊಂಡಿತು, ಚಾಲಕರು ರೊಚ್ಚಿಗೆದ್ದು ದಾರಿ ಕಟ್ಟಿದರು, ಆ ತಿಂಗಳ ಮಧ್ಯಕ್ಕೆ ಆದೇಶ ಹಿಂದೆ ಹೋಯಿತು. ಕಸ್ಟಮ್ಸ್ ಕೌಂಟರಿನ ತಂತ್ರಜ್ಞಾನ ಮೊದಲಿದ್ದಂತೆಯೇ ಇತ್ತು. ಸಾಲು ಹುಟ್ಟಿದ್ದು ಅದರ ಆಚೆಗೆ, ಇನ್ನೊಂದು ಇಲಾಖೆಯ ಅಂಗಳದಲ್ಲಿ. ಹಂತಹಂತದ ಸಮಯ ಗೊತ್ತಿಲ್ಲದಿದ್ದರೆ ಇಂಥದ್ದಕ್ಕೂ ಕಸ್ಟಮ್ಸ್‌ನವರನ್ನೇ ಬೈಯುತ್ತೇವೆ.

ಇನ್ನೊಂದು ಬಲೆ ಇದೆ. ಟ್ಯಾಗ್ ಹೊಂದಿಸಿ ಪಡೆದ ಸಮಯ ಈಗ ತಾನೇ ಹೊರಬಿದ್ದವನದ್ದು. ಅವನು ಒಂದೂವರೆ ಗಂಟೆ ಕಾದಿದ್ದರೆ, ಅದು ಒಂದೂವರೆ ಗಂಟೆ ಹಿಂದೆ ಸೇರಿದವನ ಕತೆ. ಸಾಲು ಬೆಳೆಯುತ್ತಿರುವಾಗ ಈಗ ಸೇರುವವನು ಅದಕ್ಕಿಂತ ಹೆಚ್ಚು ಕಾಯುತ್ತಾನೆ. ಇದಕ್ಕೆ ಪರಿಹಾರ ಎಣಿಕೆ: ಸಾಲಿನಲ್ಲಿ 300 ವಾಹನಗಳಿವೆ, ಕಳೆದ 15 ನಿಮಿಷದಲ್ಲಿ 150 ದಾಟಿವೆ, ಅಂದರೆ ನಿಮಿಷಕ್ಕೆ 10, ಈಗ ಸೇರುವವನಿಗೆ 30 ನಿಮಿಷ. ಅಮೆರಿಕ–ಕೆನಡಾ ನಡುವೆ ಬ್ಲೇನ್ ಪಟ್ಟಣದ ಬಳಿಯ ಪೀಸ್ ಆರ್ಚ್, ಪೆಸಿಫಿಕ್ ಹೈವೇ ದಾಟುಗಳಲ್ಲಿ ರಸ್ತೆಯೊಳಗೆ ಹೂತ ತಂತಿಯ ಲೂಪ್‌ಗಳಿಂದ ಎಣಿಸಿ ಲೆಕ್ಕ ಹಾಕುತ್ತಾರೆ. ಎಣಿಕೆಯ ದೋಷವೇನೆಂದರೆ ತಪ್ಪು ಸೇರುತ್ತಲೇ ಹೋಗುತ್ತದೆ. ಬಂಪರಿಗೆ ಬಂಪರ್ ತಾಗಿಸಿ ತೆವಳುವ ಎರಡು ಕಾರು ಲೂಪಿಗೆ ಒಂದಾಗಿ ಕಾಣಬಹುದು, ಟ್ರೇಲರ್ ಎಳೆಯುವ ಒಂದೇ ವಾಹನ ಎರಡಾಗಬಹುದು. ಗಂಟೆಗೆ 600ರಲ್ಲಿ ಒಂದು ಪ್ರತಿಶತ ತಪ್ಪಿದರೂ ಹತ್ತು ಗಂಟೆಯಲ್ಲಿ 60 ಇಲ್ಲದ ಕಾರುಗಳು ಸಾಲಿನಲ್ಲಿ ನಿಂತಿರುತ್ತವೆ. ಹಾಗಾಗಿ ಸಾಲು ಖಾಲಿಯಾಗುವ ರಾತ್ರಿ ಹೊತ್ತಿನಲ್ಲಿ ಎಣಿಕೆಯನ್ನು ಸೊನ್ನೆಗೆ ತರಬೇಕು. ಎಣಿಕೆ, ಟ್ಯಾಗ್ ಎರಡನ್ನೂ ಇಟ್ಟುಕೊಂಡು ಒಂದರಿಂದ ಇನ್ನೊಂದನ್ನು ತಿದ್ದುವುದು ಸರಿಯಾದ ದಾರಿ.

ಈಗ ಪೆಟ್ರಾಪೋಲ್‌ಗೆ ಬರೋಣ. ಕೋಲ್ಕತ್ತಾದಿಂದ ಸುಮಾರು 80 ಕಿಲೋಮೀಟರ್, ಎರಡೂ ಬದಿ ಹಳೆಯ ಮಳೆಮರಗಳಿರುವ ಇಕ್ಕಟ್ಟಾದ ಜೆಸ್ಸೋರ್ ರಸ್ತೆ, ಆ ಕಡೆ ಬಾಂಗ್ಲಾದೇಶದ ಬೆನಾಪೋಲ್. ಭೂಬಂದರು ಪ್ರಾಧಿಕಾರದ ಅಂಗಳ 2016ರಲ್ಲಿ ಶುರುವಾಯಿತು, 2024ರ ಅಕ್ಟೋಬರ್‌ನಲ್ಲಿ ಮೈತ್ರಿ ದ್ವಾರ ಎಂಬ ಸರಕು ಗೇಟೂ ಬಂತು. ಇಷ್ಟಾದರೂ ಒಂದು ಮೂಲ ಸಂಗತಿ ಬದಲಾಗಿಲ್ಲ. ಭಾರತದ ಲಾರಿ ಬೆನಾಪೋಲ್ ಅಂಗಳದವರೆಗೆ ಮಾತ್ರ ಹೋಗುತ್ತದೆ, ಅಲ್ಲಿ ಸರಕು ಇಳಿಸಿ ಅಥವಾ ಬಾಂಗ್ಲಾ ಲಾರಿಗೆ ದಾಟಿಸಿ ವಾಪಸ್ ಬರುತ್ತದೆ. ಲಾರಿಗಳು ನೇರ ಊರೊಳಗೆ ಹೋಗಲೆಂದು 2015ರ ಜೂನ್‌ನಲ್ಲಿ ಥಿಂಪುವಿನಲ್ಲಿ ನಾಲ್ಕು ದೇಶಗಳು ಮಾಡಿಕೊಂಡ ಮೋಟಾರು ವಾಹನ ಒಪ್ಪಂದ ಕಾಗದದಿಂದ ರಸ್ತೆಗೆ ಪೂರ್ತಿ ಇಳಿದಿಲ್ಲ. ಹಾಗಾಗಿ ಪೆಟ್ರಾಪೋಲ್‌ನ ಸಾಲಿನ ಉದ್ದ ನಿರ್ಧರಿಸುವುದು ಬಹುಪಾಲು ಬೆನಾಪೋಲ್‌ನ ಇಳಿಸುವ ಜಾಗ, ಅಲ್ಲಿನ ಹಮಾಲರು, ಕ್ರೇನು, ಅಲ್ಲಿಗೆ ಬರಬೇಕಾದ ಖಾಲಿ ಲಾರಿಗಳು. ಮದುವೆ ಮನೆಯಲ್ಲಿ ಪಂಕ್ತಿ ಏಳದೆ ಬಾಗಿಲು ಎಷ್ಟು ಅಗಲ ಮಾಡಿದರೂ ಊಟ ಬೇಗ ಸಿಗುವುದಿಲ್ಲ.

ಸ್ಲಾಟ್ ಪದ್ಧತಿಗೆ ಹಳೆಯ ಮಾದರಿ ಎಸ್ಟೋನಿಯಾ. ರಷ್ಯಾ ಗಡಿಯ ನಾರ್ವಾ, ಲುಹಾಮಾ, ಕೊಯ್ಡುಲಾ ಮೂರೂ ಕಡೆ 2011ರ ಆಗಸ್ಟ್‌ನಿಂದ ಇಂಟರ್ನೆಟ್ ಅಥವಾ ಫೋನಿನಲ್ಲಿ ಸಮಯ ಕಾದಿರಿಸಿ, ರಸ್ತೆಯಿಂದ ಆಚೆಯ ಕಾಯುವ ಅಂಗಳಕ್ಕೆ ಬಂದು, ಸರದಿ ಬಂದಾಗ ಗಡಿಗೆ ಹೋಗುವ ಪದ್ಧತಿ ತಂದರು. ಹೆದ್ದಾರಿ ಬದಿಯ ದಿನಗಟ್ಟಲೆಯ ಸಾಲು, ಸಾಲಿನ ಜಾಗ ಮಾರುವ ದಂಧೆ ಅದರಿಂದ ನಿಂತವು, ಏಕೆಂದರೆ ಕಾದಿರಿಸಿದ ಸಮಯ ವಾಹನದ ನೋಂದಣಿ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಗಡಿಯಲ್ಲಿ ದಾಟುವ ವಾಹನಗಳ ಸಂಖ್ಯೆ ಮಾತ್ರ ಇದರಿಂದ ಹೆಚ್ಚುವುದಿಲ್ಲ, ಚಾಲಕ ಸಾಲಿನಲ್ಲಿ ಕೂರುವ ಬದಲು ಮನೆಯಲ್ಲೋ ಗೋದಾಮಿನಲ್ಲೋ ಕಾಯುತ್ತಾನೆ ಅಷ್ಟೇ. ಪಶ್ಚಿಮ ಬಂಗಾಳ ಸರ್ಕಾರ 2022ರಲ್ಲಿ ತಂದ ಸುವಿಧಾ ಪೋರ್ಟಲ್ ಇದೇ ಜಾತಿಯದ್ದು. ಪೆಟ್ರಾಪೋಲ್ ಪಕ್ಕದ ಬನಗಾಂವ್ ಪಟ್ಟಣದ ಸುತ್ತಲಿನ ಪಾರ್ಕಿಂಗ್ ಅಂಗಳಗಳಲ್ಲಿ ಲಾರಿ ಕೊಳೆಯುತ್ತಿದ್ದ ಪರಿಸ್ಥಿತಿಗೆ ಅದು ಬೇಕಿತ್ತು.

ನಿಮ್ಮ ಸ್ಲಾಟ್ ಸಮಯಕ್ಕೂ ದಾಟುವ ಸಮಯಕ್ಕೂ ತಾಳೆಯಾಗದಿರಲು ಹೆಚ್ಚಾಗಿ ಇರುವ ಕಾರಣ ಹೀಗೆ. ಸ್ಲಾಟ್ ಎಷ್ಟು ಕೊಡಬೇಕು ಎಂಬುದು ಆ ಕಡೆಯಿಂದ ನಿಜಕ್ಕೂ ಖಾಲಿಯಾಗಿ ವಾಪಸ್ ಬಂದ ಲಾರಿಗಳ ಲೆಕ್ಕದ ಮೇಲೆ ನಿಲ್ಲಬೇಕು. ಉದಾಹರಣೆಗೆ ಕಳೆದ ವಾರ ದಿನಕ್ಕೆ 300 ವಾಪಸ್ ಬಂದಿದ್ದು ನಾಳೆಗೆ 400 ಸ್ಲಾಟ್ ಕೊಟ್ಟರೆ 100 ಲಾರಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಈ ಸಂಖ್ಯೆ ದಿನವೂ ಒಂದೇ ಇರುವುದಿಲ್ಲ. ಬಾಂಗ್ಲಾದೇಶದಲ್ಲಿ ಶುಕ್ರವಾರ ವಾರದ ರಜೆ, ನಮ್ಮಲ್ಲಿ ಭಾನುವಾರ. ಈದ್ ಹಿಂದುಮುಂದಿನ ದಿನಗಳು ಬೇರೆ, ಮಳೆಯಲ್ಲಿ ಬಯಲಿನಲ್ಲಿ ಸರಕು ಇಳಿಸಲಾಗದು. ಸ್ಲಾಟ್ ಸಂಖ್ಯೆ ಇವಕ್ಕೆಲ್ಲ ತಕ್ಕಂತೆ ಏರಿಳಿಯಬೇಕು. ಮತ್ತೊಂದು, ಎರಡು ಸಾವಿರ ಕಿಲೋಮೀಟರ್‌ಗೆ ಹತ್ತಿರದ ದೂರದಿಂದ ಬರುವ ಲಾರಿಗೆ ಅರ್ಧ ಗಂಟೆಯ ಕಿಂಡಿ ಕೊಡುವುದು ಅರ್ಥಹೀನ. ನಾಲ್ಕರಿಂದ ಆರು ಗಂಟೆಯ ಅವಧಿ ಕೊಟ್ಟು, ಲಾರಿ ಕಾಯುವ ಅಂಗಳದ ವ್ಯಾಪ್ತಿಗೆ ಬಂದದ್ದು ಜಿಪಿಎಸ್‌ನಿಂದ ಖಚಿತವಾದ ಮೇಲೆ ನಿಖರ ಸಮಯ ಹೇಳುವುದು ಸರಿ. ಕಾಗದ ಮುಗಿಯದ ಲಾರಿಯನ್ನು ಗೇಟಿಗೆ ಕರೆಯಲೇಬಾರದು. ಅಂಥ ಒಂದೇ ಲಾರಿ ಲೇನಿನ ತುದಿಯಲ್ಲಿ ನಿಂತರೆ ಹಿಂದಿನವರೆಲ್ಲ ಅದಕ್ಕಾಗಿ ಕಾಯುತ್ತಾರೆ. ಅಮೆರಿಕದಲ್ಲಿ ಸರಕಿನ ವಿವರವನ್ನು ಲಾರಿ ಬರುವುದಕ್ಕೆ ಕನಿಷ್ಠ ಒಂದು ಗಂಟೆ ಮೊದಲು, ನಂಬಿಕಸ್ತ ಸಾಗಣೆದಾರರಿಗಾಗಿ ಇರುವ ಅಲ್ಲಿನ ಫಾಸ್ಟ್ ಯೋಜನೆಯಲ್ಲಿ ನೋಂದಾಯಿಸಿಕೊಂಡವರು ಅರ್ಧ ಗಂಟೆ ಮೊದಲು ಕಂಪ್ಯೂಟರಿನಲ್ಲಿ ಸಲ್ಲಿಸಲೇಬೇಕೆಂಬ ನಿಯಮ ಇರುವುದು ಇದೇ ಕಾರಣಕ್ಕೆ.

ಆದ್ದರಿಂದ ಪೆಟ್ರಾಪೋಲ್‌ನಂಥ ಕಡೆ ಮೊದಲು ಹಾಕಬೇಕಾದದ್ದು ಆರು ಕಡೆ ಸಮಯದ ಮುದ್ರೆ: ಕಾಯುವ ಅಂಗಳಕ್ಕೆ ಬಂದದ್ದು, ಕರೆದದ್ದು, ಬಂದರಿನ ಒಳಗೇಟು, ಕಸ್ಟಮ್ಸ್ ಅನುಮತಿ ಸಿಕ್ಕಿದ್ದು, ಎರಡು ದೇಶಗಳ ನಡುವಿನ ಶೂನ್ಯರೇಖೆ ದಾಟಿದ್ದು, ಖಾಲಿಯಾಗಿ ಮರಳಿದ್ದು. ಕೊನೆಯ ಎರಡರ ನಡುವಿನ ಅಂತರವೇ ಬೆನಾಪೋಲ್‌ನ ನಾಡಿ. ಎಲ್ಲ ಯಂತ್ರಗಳ ಗಡಿಯಾರ ಒಂದೇ ಮೂಲದಿಂದ ಸರಿಹೊಂದಿರಬೇಕು. ಇಲ್ಲವಾದರೆ ಲಾರಿ ಒಳಗೆ ಬರುವ ಮೊದಲೇ ಹೊರಗೆ ಹೋದ ದಾಖಲೆಗಳು ಸಿಗುತ್ತವೆ. ಫಾಸ್ಟ್ಯಾಗ್ ರೀಡರ್ ಮುಖ್ಯ, ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಜೊತೆಗೆ. ಕ್ಯಾಮೆರಾವೊಂದನ್ನೇ ನೆಚ್ಚಿದರೆ, ಒಂದೊಂದು ಕಡೆ ನೂರಕ್ಕೆ ತೊಂಬತ್ತು ಸರಿ ಓದಿದರೂ ಎರಡೂ ಕಡೆ ಸರಿ ಓದುವುದು 81 ಮಾತ್ರ. ಕೆಸರು, ಚಳಿಗಾಲದ ಬಂಗಾಳದ ಮಂಜು, ಪ್ಲೇಟಿಗೆ ಅಡ್ಡ ಬರುವ ಹಗ್ಗ ಇವೆಲ್ಲ ಸೇರಿದರೆ ಇನ್ನೂ ಕಡಿಮೆ. ಆ ಕಡೆಯಿಂದ ಬರುವ ಲಾರಿಗಳ ಪ್ಲೇಟು ಬಂಗಾಳಿ ಲಿಪಿ, ಬಂಗಾಳಿ ಅಂಕಿಯಲ್ಲಿರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ತಯಾರಾದ ತಂತ್ರಾಂಶ ಅಲ್ಲಿ ಕೈಚೆಲ್ಲುತ್ತದೆ. ಅವಕ್ಕೆ ಫಾಸ್ಟ್ಯಾಗ್ ಇಲ್ಲವಾದ್ದರಿಂದ ಒಳಗೆ ಬರುವಾಗ ಆರ್‌ಎಫ್‌ಐಡಿ ಕಾರ್ಡ್ ಕೊಟ್ಟು ಹೊರಗೆ ಹೋಗುವಾಗ ವಾಪಸ್ ಪಡೆಯಬೇಕು. ಲೂಪ್ ಹೂಳುವುದಕ್ಕಿಂತ ಕಂಬದ ಮೇಲಿನ ರಾಡಾರ್ ವಾಸಿ. ಭಾರದ ಲಾರಿಗಳು ನಿಂತು ನಿಂತು ಹೋಗುವ ಡಾಂಬರು ಮಳೆಗಾಲದಲ್ಲಿ ಕಿತ್ತುಬರುವಾಗ ಲೂಪಿನ ತಂತಿಯೂ ಜೊತೆಗೆ ಬರುತ್ತದೆ.

ಲಾರಿಯೊಳಗಿನ ಸರಕಿನ ಚಿತ್ರ ತೆಗೆಯುವ ಸ್ಕ್ಯಾನರ್ ಬಗ್ಗೆ ಒಂದೇ ಮಾತು: ಲಾರಿ ಯಂತ್ರದೊಳಗೆ ಹಾದುಹೋಗುವ ಸಮಯಕ್ಕಿಂತ ಚಿತ್ರ ನೋಡಿ ಹೇಳುವ ಅಧಿಕಾರಿಯ ಸಮಯ ಹೆಚ್ಚು. ಯಂತ್ರ ಕೊಳ್ಳುವಾಗ ಆ ಕುರ್ಚಿಗಳನ್ನೂ ಲೆಕ್ಕ ಹಾಕಿರಬೇಕು.

ಹೆದ್ದಾರಿ ಬದಿಯ ಸೂಚನಾ ಫಲಕ ನಿಮಗೆ ಅಷ್ಟು ಉಪಯೋಗಕ್ಕೆ ಬರದು. ಬ್ಲೇನ್ ಬಳಿ ಅಕ್ಕಪಕ್ಕದ ಎರಡು ದಾಟುಗಳ ಕಾಯುವ ಸಮಯ ನೋಡಿ ಕಾರಿನವನು ದಾರಿ ಬದಲಿಸಬಹುದು. ಪೆಟ್ರಾಪೋಲ್‌ನಲ್ಲಿ ಸಾಲಿದೆ ಎಂದು ನೀವು ಅದೇ ರಾಜ್ಯದ ಇನ್ನೊಂದು ಗಡಿ ದಾಟಾದ ಘೋಜಾಡಾಂಗಾಕ್ಕೆ ಲಾರಿ ತಿರುಗಿಸಲಾರಿರಿ. ಶಿಪ್ಪಿಂಗ್ ಬಿಲ್, ಅಂದರೆ ರಫ್ತಿನ ಘೋಷಣಾ ಪತ್ರ, ಒಂದು ನಿರ್ದಿಷ್ಟ ಕಸ್ಟಮ್ಸ್ ಠಾಣೆಗೆ ಸಲ್ಲಿಕೆಯಾಗಿರುತ್ತದೆ. ಆದ್ದರಿಂದ ಕಾಯುವ ಸಮಯದ ಮಾಹಿತಿ ಸರಕು ಹೇರುವ ಮೊದಲು, ಕೋಲಾರದಲ್ಲೇ ಸಿಗಬೇಕು.

ಗೇಟಿನ ಕೆಲಸವನ್ನು ಚುರುಕು ಮಾಡುವುದಕ್ಕಿಂತ ಗೇಟಿನಿಂದಲೇ ತೆಗೆದುಹಾಕುವುದು ಎಷ್ಟು ಪರಿಣಾಮಕಾರಿ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯ ಗಡಿಗಳ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ಆ ಪರಿಶೀಲನೆ ಇ-ವೇ ಬಿಲ್ ಎಂಬ ಆನ್‌ಲೈನ್ ಸಾಗಣೆ ಚೀಟಿಯ ಮೂಲಕ ಕಂಪ್ಯೂಟರಿಗೆ ಹೋಯಿತು. ರಾಜ್ಯದೊಳಗಿನ ಸಾಗಣೆಗೆ ಅದು 2018ರ ಏಪ್ರಿಲ್ 1ರಂದು ಮೊದಲು ಜಾರಿಯಾದದ್ದು ಕರ್ನಾಟಕದಲ್ಲೇ. 2021ರ ಜನವರಿಯಿಂದ ಅದನ್ನು ಫಾಸ್ಟ್ಯಾಗ್ ಜೊತೆ ಜೋಡಿಸಿದ್ದರಿಂದ ಓಡುತ್ತಿರುವ ಲಾರಿಯ ಬಿಲ್ಲನ್ನು ನಿಲ್ಲಿಸದೆಯೇ ನೋಡಬಹುದು. ಅಂತರರಾಷ್ಟ್ರೀಯ ಗಡಿಯಲ್ಲಿ ಎಲ್ಲವನ್ನೂ ಹೀಗೆ ತೆಗೆಯಲಾಗದು, ತೂಕ, ಕಾಗದ, ಚಾಲಕನ ಪರವಾನಗಿ ಪರಿಶೀಲನೆಯನ್ನಾದರೂ ಕಾಯುವ ಅಂಗಳದಲ್ಲೇ ಮುಗಿಸಬಹುದು.

ಸರ್ಕಾರ ಮಾಡುವುದನ್ನು ಕಾಯುತ್ತ ಕೂರುವ ಬದಲು ನೀವೇ ಮಾಡಬಹುದಾದ ಕೆಲವು ಕೆಲಸಗಳಿವೆ. ಸ್ಲಾಟಿನಲ್ಲಿ, ಕಸ್ಟಮ್ಸ್ ಕಾಗದದಲ್ಲಿ, ಟ್ಯಾಗಿನಲ್ಲಿ ಒಂದೇ ವಾಹನ ಸಂಖ್ಯೆ ಇರಲಿ. ಕೊನೆ ಗಳಿಗೆಯಲ್ಲಿ ಲಾರಿ ಬದಲಿಸಿದರೆ ಸ್ಲಾಟ್ ಸತ್ತಂತೆ. ಗಾಜಿನ ಮೇಲೆ ಹಳೆಯ ಟ್ಯಾಗ್ ಉಳಿದಿದ್ದರೆ ಕಿತ್ತುಹಾಕಿ, ಎರಡಿದ್ದರೆ ರೀಡರ್ ಯಾವುದನ್ನು ಹಿಡಿಯುತ್ತದೋ ಹೇಳಲಾಗದು. ಟೊಮೆಟೊ ದಾರಿಯಲ್ಲಿ ತೂಕ ಕಳೆದುಕೊಳ್ಳುತ್ತದೆ, ಹೇರಿದಾಗಿನ ತೂಕದ ಚೀಟಿಯನ್ನು ಚಾಲಕನ ಕೈಯಲ್ಲಿಡಿ, ತೂಕದ ಸೇತುವೆಯ ಬಳಿ ಆಗುವ ವಾದ ಅದರಿಂದ ಬೇಗ ಮುಗಿಯುತ್ತದೆ. ನಿಮ್ಮ ಜಿಪಿಎಸ್ ತಂತ್ರಾಂಶದಲ್ಲಿ ಕಾಯುವ ಅಂಗಳ, ಬಂದರಿನ ಒಳಗೇಟು, ಶೂನ್ಯರೇಖೆ, ಬೆನಾಪೋಲ್ ಅಂಗಳ ಈ ನಾಲ್ಕು ಕಡೆ ಗೆರೆ ಎಳೆದು, ಪ್ರತಿ ಟ್ರಿಪ್ಪಿನ ಒಳಹೊರಗಿನ ಸಮಯ ಕೂಡಿಡಿ. ಒಂದು ಹಂಗಾಮು ಮುಗಿಯುವಷ್ಟರಲ್ಲಿ ಯಾವ ವಾರ, ಯಾವ ಹಂತದಲ್ಲಿ ಎಷ್ಟು ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಬಾಡಿಗೆ ಮಾತಾಡುವಾಗ ಸರಾಸರಿಯನ್ನು ನೆಚ್ಚಬೇಡಿ. ಹತ್ತರಲ್ಲಿ ಎಂಟು ಟ್ರಿಪ್‌ಗಳು ಎಷ್ಟು ಗಂಟೆಯೊಳಗೆ ದಾಟಿವೆ ಎಂಬುದನ್ನು ಹಿಡಿದು, ಅದಕ್ಕೆ ಮೇಲಾದ ಗಂಟೆಗಳಿಗೆ ವರ್ತಕರಿಂದ ನಿಲುಗಡೆ ಬಾಡಿಗೆ ಕೇಳಿ.